ವರ್ಡೀಯ ಅಂಚೆಪೆಟ್ಟಿಗೆ ಯಾವ ರಾಜ್ಯದ್ದು

"ಅಮ್ಮಾ, ಎಲ್ಲರ ತಲೇನೂ ಬಾಚೋ ಮಿಸ್ ವರ್ಡೀ ತನ್ನ ತಲೆ ಯಾಕೆ ಬಾಚ್ಕೊಳ್ಳಲ್ಲ?"

ಐದು ವರ್ಷದ ಹ್ಯಾಟಿ ಈ ಪ್ರಶ್ನೆಯನ್ನು ಮನೆಯೊಳಗೆ ಕೇಳಿದ್ದರೆ ಚೆನ್ನಾಗಿತ್ತು. ಅವಳು ಕೇಳಿದ್ದು ರಸ್ತೆ ಬದಿಯಲ್ಲಿ ನಿಂತು, ಗಂಟಲು ತೆರೆದು. ಎದುರು ಮನೆಯ ಜಗಲಿಯಲ್ಲಿ ಮಿಸ್ ವರ್ಡೀ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯೊಂದರಲ್ಲೇ ಬೀನ್ಸ್ ನಾರು ತೆಗೆಯುತ್ತಿದ್ದಳು. ತಾಯಿ ಕೆಂಡ್ರಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅಲ್ಲಿ ಭೂಮಿ ಬಾಯಿ ಬಿಡಬೇಕಾದರೂ ಮೊದಲು ಎರಡು ರಾಜ್ಯಗಳ ಒಪ್ಪಿಗೆ ಬೇಕು. ಅದು ಲೈನ್ ರಸ್ತೆ. ಉತ್ತರದ ಸಾಲಿನ ಮನೆಗಳು ವರ್ಜೀನಿಯಾದಲ್ಲಿ, ದಕ್ಷಿಣದವು ಟೆನೆಸೀಯಲ್ಲಿ, ನಡುವಿನ ಹಳದಿ ಗೆರೆಯೇ ಗಡಿ. ಕೆಂಡ್ರಾ ವರ್ಜೀನಿಯಾದವಳು, ಎದುರಿನ ವರ್ಡೀ ಟೆನೆಸೀಯವಳು. ಸಕ್ಕರೆ ಕಡ ತರಲು ಇಬ್ಬರೂ ದಿನಕ್ಕೆರಡು ಸಲ ರಾಜ್ಯ ದಾಟುತ್ತಿದ್ದರು.

"ಕೇಳಿಸ್ತು ಕಣೇ ಪುಟ್ಟಿ," ಎಂದಳು ವರ್ಡೀ, ತಲೆಗೆ ಕಟ್ಟಿದ್ದ ಸ್ಕಾರ್ಫನ್ನು ಹಣೆಯ ಕಡೆಗೆ ಎಳೆದುಕೊಳ್ಳುತ್ತಾ. "ಬಾಚ್ಕೊಳ್ಳೋ ಕೈ ಟೆನೆಸೀದೋ ವರ್ಜೀನಿಯಾದ್ದೋ ಅಂತ ದೊಡ್ಡೋರು ಇನ್ನೂ ತೀರ್ಮಾನ ಮಾಡಿಲ್ಲ. ಮಾಡ್ಲಿ, ಆಮೇಲೆ ಬಾಚ್ಕೋತೀನಿ."

ಅವಳು ತಮಾಷೆ ಮಾಡುತ್ತಿದ್ದಾಳೆಂದು ಹ್ಯಾಟಿ ನಕ್ಕಳು. ತಮಾಷೆಯಲ್ಲ ಎಂದು ಗೊತ್ತಿದ್ದರಿಂದ ಕೆಂಡ್ರಾ ನಗಲಿಲ್ಲ.

ವರ್ಡೀ ಸ್ಟಾಲಾರ್ಡ್‌ಗೆ ಐವತ್ತೆಂಟು. ಮನೆಯ ಪಕ್ಕದ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಹೆಂಗಸರ ತಲೆಗೂದಲು ನೋಡಿಕೊಂಡವಳು. ತೊಳೆದು, ರೋಲರ್ ಸುತ್ತಿ, ಸುರುಳಿ ಬಿಡಿಸಿ, ಸ್ಪ್ರೇ ಹೊಡೆದು ಕಳಿಸಿದರೆ ಮುಂದಿನ ಶುಕ್ರವಾರದವರೆಗೆ ಬಿರುಗಾಳಿಗೂ ಅಲುಗುತ್ತಿರಲಿಲ್ಲ. ಊರಲ್ಲಿ ಯಾವ ಹೆಂಗಸು ಸತ್ತರೂ ಶವವನ್ನು ಸಿಂಗರಿಸಿ ಕೊಡುವ ಶವಸಂಸ್ಕಾರದ ಅಂಗಡಿಯವರು ತಲೆ ಬಾಚಲು ಇವಳಿಗೇ ಫೋನ್ ಮಾಡುತ್ತಿದ್ದರು. "ಒಳ್ಳೇ ಗಿರಾಕಿಗಳು," ಎನ್ನುತ್ತಿದ್ದಳು. "ಅಲ್ಲಾಡಲ್ಲ, ಸೊಸೆ ಬಗ್ಗೆ ದೂರು ಹೇಳಲ್ಲ, ಕನ್ನಡಿ ಕೇಳಲ್ಲ." ಅವಳ ಸ್ವಂತ ತಲೆ ಮಾತ್ರ ಬೇರೆ ದರ್ಜೆಯದು. ಬೆಳ್ಳಿ ಬಣ್ಣದ ಗೋಪುರ. ಅದನ್ನು ಬೇರೆ ಯಾರ ಕೈಗೂ ಕೊಟ್ಟವಳಲ್ಲ. ಮದುವೆಯ ದಿನ ಅಕ್ಕ ಒಂದು ಪಿನ್ನು ಸರಿಮಾಡಲು ಬಂದಾಗ ಅವಳ ಕೈಗೆ ಪಟ್ಟನೆ ಹೊಡೆದಿದ್ದಳಂತೆ.

ಗಂಡ ಆರ್ಲೀ ತೀರಿಕೊಂಡು ನಾಲ್ಕು ವರ್ಷ. ಅವನ ಹಸಿರು ಪಿಕಪ್ ಗಾಡಿ ಇನ್ನೂ ಕೊಟ್ಟಿಗೆಯಲ್ಲಿದೆ. ನಾಲ್ಕು ಚಕ್ರದಲ್ಲೂ ಗಾಳಿಯಿಲ್ಲ, ಸೀಟಿನ ಕೆಳಗೆ ಬೆಕ್ಕು ಎರಡು ಸಲ ಮರಿ ಹಾಕಿದೆ. ಆದರೂ ವರ್ಡೀ ತನ್ನ ಕಾರಿನ ಜೊತೆಗೆ ಅದಕ್ಕೂ ವಿಮೆ ಕಟ್ಟುತ್ತಲೇ ಬಂದಳು.

"ಆ ಗಾಡಿ ಎಲ್ಲಿಗೆ ಹೋಗತ್ತೆ ಅಂತ ಕಟ್ತೀರಾ ಮಿಸ್ ವರ್ಡೀ?" ಎಂದು ಕೆಂಡ್ರಾ ಒಮ್ಮೆ ಕೇಳಿದ್ದಳು.

"ಎಲ್ಲೂ ಹೋಗಲ್ಲ ಮಗಾ. ಅದಕ್ಕೇ ಇಟ್ಕೊಂಡಿರೋದು. ಹೋಗೋರು ಹೋದ್ರಲ್ಲ."

ಕಳೆದ ವರ್ಷ ಏಪ್ರಿಲ್‌ನಲ್ಲಿ ಅವಳು ಹಳೆಯ ವಿಮಾ ಕಂಪನಿ ಬಿಟ್ಟು ಹೊಸದಕ್ಕೆ ಸೇರಿದಳು. ಕಾರಣ ಬಹಳ ಆಳವಾದದ್ದು. ಟಿವಿ ಜಾಹೀರಾತಿನಲ್ಲಿ ಆ ಕಂಪನಿಯ ನಾಯಿ ನಗುತ್ತಿತ್ತು. ಕಾಗದದ ತಲೆಯ ಮೇಲೂ ಅದೇ ನಾಯಿ, ಅದೇ ನಗು. ಏಳು ತಿಂಗಳು ಕಂತು ಕಟ್ಟಿಸಿಕೊಳ್ಳುವಾಗ ಆ ನಾಯಿ, ವರ್ಡೀ ಯಾವ ರಾಜ್ಯದವಳೆಂದು ಒಮ್ಮೆಯೂ ಬೊಗಳಲಿಲ್ಲ.

ನವೆಂಬರ್‌ನಲ್ಲಿ ಲೈನ್ ರಸ್ತೆಯಲ್ಲೇ, ಹುಲ್ಲಿನ ಹೊರೆ ಹೇರಿಕೊಂಡು ಬಂದ ಟ್ರಕ್ಕೊಂದು ಅವಳ ಕಾರಿಗೆ ಗುದ್ದಿತು. ಓಡಿಸುತ್ತಿದ್ದವನಲ್ಲಿ ಹುಲ್ಲು ಬೇಕಾದಷ್ಟಿತ್ತು, ವಿಮೆ ಇರಲಿಲ್ಲ. ಕಾರಿನ ಮೂತಿ ವರ್ಜೀನಿಯಾದಲ್ಲಿ, ಹಿಂಭಾಗ ಟೆನೆಸೀಯಲ್ಲಿ ನಿಂತಿತು. ಎರಡೂ ಕಡೆಯ ಪೊಲೀಸರು ಬಂದರು. ಇಬ್ಬರೂ ಸಭ್ಯರು. "ನೀವೇ ಬರ್ಕೊಳಿ," "ಇಲ್ಲ ಇಲ್ಲ, ನೀವೇ ಬರ್ಕೊಳಿ," ಎಂದು ಹಬ್ಬದೂಟದ ಕೊನೆಯ ತುಂಡಿಗೆ ಉಪಚಾರ ಮಾಡಿಕೊಂಡಂತೆ ಮಾಡಿದರು. ವರ್ಡೀಯ ಬಲಭುಜ ಅಷ್ಟು ಸಭ್ಯತೆ ತೋರಲಿಲ್ಲ. ಮೂರು ಕಡೆ ಮುರಿದಿತ್ತು.

ಎದುರಿನವನಿಗೆ ವಿಮೆ ಇಲ್ಲದಿದ್ದರೆ ನಮ್ಮ ಪಾಲಿಸಿಯೇ ನಮ್ಮ ಆಸ್ಪತ್ರೆ ಖರ್ಚು ಹೊರಬೇಕು. ಕಾರಿನ ಪಾಲು, ಅಂದರೆ ಆ ಗಾಡಿಯ ಹೆಸರಲ್ಲಿ ಕೊಡುವ ಹಣದ ಮಿತಿ, ಮೊದಲ ಆಪರೇಷನ್‌ಗೇ ಮುಗಿದುಹೋಯಿತು. ಭುಜದ ಕೀಲನ್ನೇ ಬದಲಿಸುವ ಎರಡನೆಯ ಆಪರೇಷನ್ ಆಗದಿದ್ದರೆ ಕೈ ಎದೆಮಟ್ಟದಿಂದ ಮೇಲೇಳುವುದಿಲ್ಲ ಎಂದರು ಡಾಕ್ಟರು. ಕೈ ಎದೆಮಟ್ಟದಿಂದ ಏಳದ ಕೇಶವಿನ್ಯಾಸಗಾರ್ತಿಗೆ ಉಳಿಯುವ ಗಿರಾಕಿಗಳೆಂದರೆ ಕುಳ್ಳರು ಮತ್ತು ಮಲಗಿದವರು.

ಆಗ ಎಲ್ಲರಿಗೂ ನೆನಪಾದದ್ದು ಆರ್ಲೀಯ ಪಿಕಪ್. ಒಂದೇ ಪಾಲಿಸಿಯಲ್ಲಿ ಎರಡು ಗಾಡಿ ಇವೆಯಲ್ಲ. ಎರಡರ ಪಾಲನ್ನೂ ಒಂದರ ಮೇಲೊಂದು ಪೇರಿಸಬಹುದೇ?

ಕಂಪನಿಯ ಕಡೆಯಿಂದ ಪ್ರೂಯಿಟ್ ಎಂಬಾತ ಬಂದ. ಕೆಂಡ್ರಾ ಆಗ ವರ್ಡೀಗೆ ಮೆಕ್ಕೆಜೋಳದ ಬ್ರೆಡ್ ಕೊಡಲು ಹೋಗಿದ್ದವಳು ಅಲ್ಲೇ ನಿಂತಳು. ಪ್ರೂಯಿಟ್ ಬಹಳ ಮೃದು ಮನುಷ್ಯ. ಕೆಟ್ಟ ಸುದ್ದಿಯನ್ನು ಹತ್ತಿಯಲ್ಲಿ ಸುತ್ತಿ ಕೊಡುತ್ತಿದ್ದ.

"ಮ್ಯಾಮ್, ವರ್ಜೀನಿಯಾ ಕಾನೂನಿನಲ್ಲಿ ಹಾಗೆ ಪೇರಿಸೋಕೆ ದಾರಿ ಇದೆ. ಪಾಲಿಸೀಲಿ ಬೇಡ ಅಂತ ಸ್ಪಷ್ಟವಾಗಿ ಬರೆದಿರಬಾರದು, ಅಷ್ಟೆ. ನಿಮ್ಮದ್ರಲ್ಲಿ ಬರೆದಿಲ್ಲ. ಟೆನೆಸೀಲಿ ಆಗಲ್ಲ. ನೀವು ಟೆನೆಸೀಯವರು. ನನಗೂ ಬೇಜಾರೇ."

"ಎಷ್ಟು ಬೇಜಾರಪ್ಪಾ? ನಿದ್ದೆ ಬರದಷ್ಟಾ?"

"ಮ್ಯಾಮ್, ಇದು ನನ್ನ ಕೈಲಿಲ್ಲ."

"ನನ್ನ ಕೈಲೂ ಇಲ್ಲ ಕಣಪ್ಪಾ. ಆದ್ರೆ ನಿನ್ನ ಕೈ ಮೇಲಾದ್ರೂ ಏಳತ್ತೆ. ಎಲ್ಲಿ, ಒಂದ್ಸಲ ಎತ್ತಿ ತೋರ್ಸು, ನೋಡಿ ಸಂತೋಷ ಪಡ್ತೀನಿ."

ಪ್ರೂಯಿಟ್ ಕೈ ಎತ್ತಲಿಲ್ಲ. ಅವಳ ಗೇಟಿನ ಪಕ್ಕದ ಅಂಚೆಪೆಟ್ಟಿಗೆಯ ನಾಲ್ಕು ಫೋಟೋ ತೆಗೆದುಕೊಂಡು ಹೊರಟ. ಪೆಟ್ಟಿಗೆಯ ಫೋಟೋ ಯಾಕೆಂದು ಇಬ್ಬರಿಗೂ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದವರು ಟೈರ್ ಅಂಗಡಿಯ ಮಹಡಿಯಲ್ಲಿ ಕಚೇರಿ ಇಟ್ಟುಕೊಂಡಿದ್ದ ವಕೀಲ ಕಿಲ್ಗೋರ್. ಅವರು ಹೇಳಿದ್ದಿಷ್ಟು. ಆ ಸೀಮೆಯ ನ್ಯಾಯಾಲಯ ವಿಮೆಯ ತಕರಾರು ಬಂದಾಗ ಅಪಘಾತ ಎಲ್ಲಾಯಿತೆಂದು ನೋಡುವುದಿಲ್ಲ. ಗಾಡಿ ಎಲ್ಲಿ ನಿಲ್ಲುತ್ತದೆಂದೂ ಅಲ್ಲ. ಪಾಲಿಸಿಯ ಕಾಗದ ಮೊದಲು ಎಲ್ಲಿ ತಲುಪಿಸಲ್ಪಟ್ಟಿತೋ ಒಪ್ಪಂದ ಹುಟ್ಟಿದ್ದು ಅಲ್ಲಿ, ನಡೆಯುವುದು ಅಲ್ಲಿನ ಕಾನೂನು.

"ಅಂದ್ರೆ ನನ್ನ ಭುಜ ಯಾವ ರಾಜ್ಯದ್ದು ಅಂತ ಹೇಳೋದು ಪೋಸ್ಟ್ ಡಬ್ಬ?" ಎಂದಳು ವರ್ಡೀ.

"ಸರಿಯಾಗಿ ಹೇಳಿದ್ರಿ."

"ಮೂವತ್ತು ವರ್ಷ ಓದಿ ಕಂಡುಹಿಡಿದದ್ದು ಇದನ್ನೇನಾ ನೀವು?"

"ನಾನೊಬ್ನೇ ಅಲ್ಲ," ಎಂದರು ಕಿಲ್ಗೋರ್ ವಿನಯದಿಂದ. "ಇನ್ನೂರು ವರ್ಷದಿಂದ ಬಹಳ ಜನ ಸೇರಿ ಕಂಡುಹಿಡಿದಿದ್ದೀವಿ."

ವರ್ಡೀಗೆ ಖುಷಿಯೇ ಆಯಿತು. ಯಾಕೆಂದರೆ ಲೈನ್ ರಸ್ತೆಯಲ್ಲಿ ಅಂಚೆಗಾಡಿ ಹಿಂದಿನಿಂದಲೂ ಉತ್ತರದ ಅಂಚಿನಲ್ಲೇ ಓಡುತ್ತಿತ್ತು. ಟೆನೆಸೀ ಮನೆಗಳ ಪೆಟ್ಟಿಗೆಗಳೆಲ್ಲ ರಸ್ತೆಯಾಚೆ, ವರ್ಜೀನಿಯಾದ ನೆಲದಲ್ಲಿ ಸಾಲಾಗಿ ನಿಂತಿದ್ದವು. "ಈಗ ಗೇಟಿಗೆ ಬಂದಿರಬಹುದು, ಪಾಲಿಸಿ ಬಂದಾಗ ನನ್ನ ಡಬ್ಬ ಅಲ್ಲೇ ಇತ್ತು. ಹಲ್ಲುಜ್ಜೋ ಬ್ರಷ್ಷಿನ ಮೇಲೆ ಬೇಕಾದ್ರೂ ಆಣೆ ಮಾಡ್ತೀನಿ."

ಆದರೆ ಎರಡು ವಾರದ ನಂತರ ಪ್ರೂಯಿಟ್ ಅಂಚೆ ಕಚೇರಿಯ ಪತ್ರವೊಂದನ್ನು ತರಿಸಿದ. ಕಳೆದ ವರ್ಷ ಏಪ್ರಿಲ್ ಒಂದರಿಂದ ಎರಡೂ ಬದಿಗೆ ಗಾಡಿ ಬರತೊಡಗಿದ್ದರಿಂದ ಪೆಟ್ಟಿಗೆಗಳನ್ನು ಅವರವರ ಗೇಟಿಗೆ ಸಾಗಿಸಲಾಗಿತ್ತು. ಪಾಲಿಸಿ ಅಂಚೆಗೆ ಬಿದ್ದದ್ದು ಏಪ್ರಿಲ್ ಹನ್ನೆರಡಕ್ಕೆ. ಹನ್ನೊಂದು ದಿನ ತಡವಾಗಿ ಬಂದದ್ದಕ್ಕೆ ಭುಜ ಟೆನೆಸೀಗೆ ಸೇರಿಹೋಯಿತು. ಕಿಲ್ಗೋರ್ ಫೋನಿನಲ್ಲಿ ಬಹಳ ಹೊತ್ತು ಗಂಟಲು ಸರಿಮಾಡಿಕೊಂಡರು. ವರ್ಡೀ ಫೋನಿಟ್ಟು ತನ್ನ ಕೋಣೆಯ ಬೋರ್ಡನ್ನು ಎಡಗೈಯಿಂದ ಬಿಚ್ಚಿ ಒಳಗಿಟ್ಟಳು. ಹ್ಯಾಟಿ ತಲೆಯ ಪ್ರಶ್ನೆ ಕೇಳಿದ್ದು ಆ ವಾರವೇ.

ಕೆಂಡ್ರಾಗೆ ಆ ಏಪ್ರಿಲ್ ಏನೋ ಚುಚ್ಚುತ್ತಿತ್ತು. ಅವಳದು ಡೈರಿ ಬರೆಯುವ ಅಭ್ಯಾಸ. ಅದರಲ್ಲಿ ಘನವಾದದ್ದೇನೂ ಇರುತ್ತಿರಲಿಲ್ಲ. ಮಗುವಿನ ಜ್ವರ, ಕೋಳಿ ಇಟ್ಟ ಮೊಟ್ಟೆ, ಯಾರಿಗೆ ಯಾವ ಪಾತ್ರೆ ವಾಪಸು ಕೊಡಬೇಕು, ಇಷ್ಟೇ. ಹ್ಯಾಟಿ ಮಧ್ಯಾಹ್ನ ಮಲಗಿದ ಮೇಲೆ ಕಳೆದ ವರ್ಷದ್ದನ್ನು ಹುಡುಕಿ ತೆಗೆದಳು. ಒಗೆದ ಬಟ್ಟೆ ಮಡಿಸುವುದನ್ನು ಅರ್ಧಕ್ಕೆ ಬಿಟ್ಟು ಓದಿದಳು.

ಏಪ್ರಿಲ್ ನಾಲ್ಕು: ಮಿಸ್ ವರ್ಡೀಯ ಹೊಸ ಪೆಟ್ಟಿಗೆಯೊಳಗೆ ಪುಟ್ಟ ಹಕ್ಕಿಯೊಂದು ಗೂಡು ಕಟ್ಟಿದೆ. ಬಾಗಿಲಿಗೆ ಟೇಪ್ ಅಂಟಿಸಿ 'ಬಾಣಂತಿ ಇದ್ದಾಳೆ, ತಟ್ಟಬೇಡಿ' ಎಂದು ಬರೆದಿದ್ದಾರೆ. ಮರಿ ಹಾರುವವರೆಗೂ ಅವರ ಕಾಗದ ನಮ್ಮ ಪೆಟ್ಟಿಗೆಗೆ ಹಾಕಲು ಅಂಚೆಯ ಒಲೆಟಾಗೆ ಹೇಳಿದ್ದಾರೆ.

ಏಪ್ರಿಲ್ ಹದಿನೈದು: ನಮ್ಮ ಪೆಟ್ಟಿಗೆಗೆ ಬಂದಿದ್ದ ಮಿಸ್ ವರ್ಡೀಯ ವಿಮೆ ಕಾಗದದ ಲಕೋಟೆಯನ್ನು ಹ್ಯಾಟಿ ಹರಿದು ತೆಗೆದು, ಅದರಲ್ಲಿನ ನಾಯಿಗೆ ನೇರಳೆ ಬಣ್ಣದ ಟೋಪಿ ಬರೆದುಬಿಟ್ಟಿದ್ದಾಳೆ. ನಾಚಿಕೆಯಾಯಿತು. ಕ್ಷಮೆ ಕೇಳಿದೆ. ಅವರು ನಕ್ಕು, ಟೋಪಿ ಚೆನ್ನಾಗಿದೆ ಅಂದರು. ಮೊಟ್ಟೆ ಆರು.

ಕೆಂಡ್ರಾ ಕಾಲಿಗೆ ಚಪ್ಪಲಿಯನ್ನೂ ಹಾಕದೆ ರಾಜ್ಯ ದಾಟಿದಳು.

"ಮಿಸ್ ವರ್ಡೀ! ಪಾಲಿಸಿ ಎಲ್ಲಿಟ್ಟಿದೀರಾ? ಅಸಲು ಕಾಗದ, ವಕೀಲರಿಗೆ ಕೊಟ್ಟ ನಕಲಲ್ಲ!"

"ಬಿಸ್ಕತ್ ಡಬ್ಬೀಲಿ. ಯಾಕೇ, ಮನೆಗೆ ಬೆಂಕಿ ಬಿತ್ತಾ?"

ಡಬ್ಬಿಯಿಂದ ಕಾಗದ ಹೊರಬಂತು. ನಗುವ ನಾಯಿಯ ತಲೆಯ ಮೇಲೆ, ಒಂದು ಕಿವಿ ಮುಚ್ಚುವಂತೆ, ನೇರಳೆ ಬಣ್ಣದ ಟೋಪಿ. ಕಿಲ್ಗೋರರ ಕಪ್ಪು-ಬಿಳುಪು ನಕಲಿನಲ್ಲಿ ಅದು ಯಂತ್ರದ ಮಸಿಯಂತೆ ಕಂಡಿತ್ತು. ವರ್ಡೀ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ನಾನು ಹಕ್ಕೀನೇ ಮರೆತುಬಿಟ್ಟಿದ್ದೆ ಕಣೇ," ಎಂದಳು ನಿಧಾನಕ್ಕೆ. "ಆ ಟ್ರಕ್ ಗುದ್ದಿದಾಗಿಂದ ಏನೇನು ಮರೆತಿದೀನೋ."

ಕಿಲ್ಗೋರ್ ಎಲ್ಲರನ್ನೂ ಕಚೇರಿಗೆ ಕರೆಸಿದರು. ಕಂಪನಿಯ ಪರವಾಗಿ ಪ್ರೂಯಿಟ್ ಮತ್ತು ಅವರ ವಕೀಲೆ ಬಂದರು. ಅಂಚೆಗಾಡಿಯ ಒಲೆಟಾ ಹಕ್ಕಿಯ ವಿಷಯ ನಿಜವೆಂದಳು. "ನಾಲ್ಕು ಮರಿ. ನಾನೇ ಎಣಿಸಿದೀನಿ." ಕೆಂಡ್ರಾ ಡೈರಿ ಓದಿದಳು. ಮೊಟ್ಟೆ ಆರು ಎಂಬಲ್ಲಿ ಕಿವಿ ಕೆಂಪಾಯಿತು. ಕಂಪನಿಯ ವಕೀಲೆ ಅದನ್ನೂ ಬರೆದುಕೊಂಡರು. ನಾಳೆ ಮೊಟ್ಟೆಗಳೂ ಯಾವ ರಾಜ್ಯದವು ಎಂಬ ಪ್ರಶ್ನೆ ಏಳಬಹುದಲ್ಲ.

ಪ್ರೂಯಿಟ್ ಕಾಗದವನ್ನು ಹ್ಯಾಟಿಯ ಮುಂದೆ ಸರಿಸಿದ. "ಇದನ್ನ ಯಾರು ಬರೆದಿದ್ದು ಪುಟ್ಟಾ?"

"ನಾನು."

"ಎಲ್ಲಿ ಕೂತ್ಕೊಂಡು?"

"ನಮ್ಮನೆ ಮೆಟ್ಲ ಮೇಲೆ."

"ಯಾಕೆ ಬರೆದೆ?"

ಹ್ಯಾಟಿ ಅವನನ್ನು ಕನಿಕರದಿಂದ ನೋಡಿದಳು. "ನಾಯಿಗೆ ಚಳಿ ಆಗ್ತಿತ್ತು."

ವಕೀಲೆ ಪೆನ್ನಿನ ಮುಚ್ಚಳ ಹಾಕಿದರು. ವರ್ಡೀ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಅದು ಕೆಮ್ಮಾಗಿರಲಿಲ್ಲ.

ಮೂರು ವಾರಕ್ಕೆ ಉತ್ತರ ಬಂತು. ಯಾವುದೇ ತಪ್ಪನ್ನು ಒಪ್ಪಿಕೊಳ್ಳದೆ, ಕೇವಲ ಸದ್ಭಾವನೆಯಿಂದ, ಪಾಲಿಸಿ ವರ್ಜೀನಿಯಾದಲ್ಲಿ ತಲುಪಿದ್ದೆಂದು ಕಂಪನಿ ಪರಿಗಣಿಸಿದೆ. ಎರಡೂ ವಾಹನಗಳ ಪಾಲು ಸಲ್ಲುತ್ತದೆ. ಸದ್ಭಾವನೆ ಇಷ್ಟು ದಿನ ಯಾವ ರಾಜ್ಯದಲ್ಲಿ ವಾಸವಾಗಿತ್ತೆಂದು ಮಾತ್ರ ಬರೆದಿರಲಿಲ್ಲ. ತಲೆಯ ಮೇಲೆ ಅದೇ ನಾಯಿ, ಟೋಪಿಯಿಲ್ಲದೆ. ಆಪರೇಷನ್ ಸೋಮವಾರಕ್ಕೆ ನಿಗದಿಯಾಯಿತು. ಅಂದು ಸಂಜೆ ವರ್ಡೀ ಕೊಟ್ಟಿಗೆಗೆ ಹೋಗಿ, ಪಿಕಪ್ಪಿನ ಬಾನೆಟ್ಟಿನ ಮೇಲಿನ ಧೂಳನ್ನು ಎಡಗೈಯಿಂದ ಒರೆಸುತ್ತಾ ಬಹಳ ಹೊತ್ತು ನಿಂತಿದ್ದನ್ನು ಕೆಂಡ್ರಾ ಅಡುಗೆಮನೆಯ ಕಿಟಕಿಯಿಂದ ಕಂಡಳು. ಕಂಡು, ಪರದೆ ಎಳೆದಳು.

ಭಾನುವಾರ ಚರ್ಚ್ ಮುಗಿದ ಮೇಲೆ ಕೆಂಡ್ರಾ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ವರ್ಡೀ ನಿಂತಿದ್ದಳು. ಕಂಕುಳಲ್ಲಿ ಒಂದು ಚೀಲ, ಚೀಲದಲ್ಲಿ ರೋಲರ್‌ಗಳು, ಶಾಂಪೂ, ದಪ್ಪ ಹಲ್ಲಿನ ಬಾಚಣಿಗೆ. ಒಳಗೆ ಬಂದು ಅಡುಗೆಮನೆಯ ಸಿಂಕನ್ನು ಒಮ್ಮೆ ನೋಡಿದಳು, ಕುರ್ಚಿಯನ್ನು ಒಮ್ಮೆ ನೋಡಿದಳು. ಆಮೇಲೆ ಯಾರನ್ನೂ ನೋಡದೆ ಸ್ಕಾರ್ಫ್ ಬಿಚ್ಚಿದಳು. ಎಂಟು ತಿಂಗಳಿಂದ ಸರಿಯಾಗಿ ಬಾಚದ ಬಿಳಿಗೂದಲು ತೆಳ್ಳಗೆ, ಸಿಕ್ಕುಸಿಕ್ಕಾಗಿ ಕುತ್ತಿಗೆಗೆ ಬಿತ್ತು. ಹ್ಯಾಟಿ ಬಾಯಿ ತೆರೆದಳು. ಕೆಂಡ್ರಾ ಅವಳ ಕೈಗೆ ಒಂದು ಬಿಸ್ಕತ್ತು ಕೊಟ್ಟು ಬಾಯಿ ಮುಚ್ಚಿಸಿದಳು.

"ನಾಳೆ ಆಸ್ಪತ್ರೇಲಿ ಅಷ್ಟು ಜನರ ಮುಂದೆ ಹೀಗೆ ಮಲಗೋಕಾಗಲ್ಲ," ಎಂದಳು ವರ್ಡೀ, ಸಿಂಕಿಗೆ ಹೇಳುವವಳಂತೆ. "ನನ್ನದೊಂದು ಕೆಲಸ ಮಾಡ್ಕೊಡ್ತೀಯಾ ಮಗಾ? ತಲೆ ತೊಳೆದು, ರೋಲರ್ ಸುತ್ತಿ ಕೊಡ್ತೀಯಾ? ಹೆಂಗೆ ಅಂತ ನಾನು ಹೇಳ್ತಾ ಹೋಗ್ತೀನಿ. ನೀರು ಮಾತ್ರ ಮೊದ್ಲು ನಿನ್ನ ಮೊಣಕೈಗೆ ಬಿಟ್ಟು ನೋಡು, ಪಾಪುಗೆ ಸ್ನಾನ ಮಾಡಿಸ್ತಿದ್ಯಲ್ಲ, ಹಾಗೆ."