ಕಿವಿ ಹಿಂದಿನ ಮಸಿ

ಪುಟ್ಟಿ, ಚಿನ್ನು, ಮಹಡಿ ರೂಮಿನ ಅಕ್ಕ ನಮ್ಮ ಮನೆಗೆ ಹೇಗೆ ಬಂದಳು ಅಂತ ಯಾರಾದರೂ ಕೇಳಿದರೆ ನೀವಿಬ್ಬರೂ ನನ್ನ ಮುಖ ನೋಡಿ ನಗುತ್ತೀರಿ. ಬಾಯಲ್ಲಿ ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಎಲೆಕ್ಟ್ರಾನಿಕ್ ಸಿಟಿ ಬೆಳೆದ ಮೇಲೆ ನಿಮ್ಮ ತಾತ ನಮ್ಮ ರಾಗಿ ಹೊಲದಲ್ಲಿ ಕಟ್ಟಿಸಿದ ಮನೆ ಇದು. ಮಹಡಿ ರೂಮು ಖಾಲಿ ಇತ್ತು. ಆಫ್ರಿಕಾದಿಂದ ನರ್ಸಿಂಗ್ ಓದಲು ಬಂದ ಹುಡುಗಿಯೊಬ್ಬಳು ಬಾಡಿಗೆ ಬೋರ್ಡು ನೋಡಿ ಬಂದು ಕೇಳಿದಳು. ಭಾನುವಾರ ಹಾಸ್ಟೆಲ್ ಬಿಡಬೇಕಂತೆ, ಎಲ್ಲೂ ಮನೆ ಸಿಕ್ಕಿಲ್ಲವಂತೆ. ನಾನು ಅರ್ಧ ಬಾಗಿಲು ತೆರೆದು, ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಯೋಚನೆ ಏನೂ ಇರಲಿಲ್ಲ, ಹೆದರಿಕೆ ಇತ್ತು. ಅವಳು ಕೊಟ್ಟ ಫೋನ್ ನಂಬರಿನ ಚೀಟಿಯನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದೆ.

ಶನಿವಾರ ಪುಟ್ಟಿ, ನೀನು ಕಾಲೇಜಿನ ಪಾಠಕ್ಕೆ ಅಂತ ಅಮೆರಿಕದ ಹಳೇ ಮೂಕಿ ಚಿತ್ರ ಹಾಕಿದೆ. ಮಾತಿಲ್ಲದ ಸಿನಿಮಾ, ನನಗೂ ಅರ್ಥವಾದೀತು ಅಂತ ಅವರೆಕಾಯಿ ಬಿಡಿಸುತ್ತಾ ಕೂತೆ. ಒಬ್ಬ ಕಪ್ಪು ಮನುಷ್ಯ ಕಣ್ಣರಳಿಸಿಕೊಂಡು ಒಂದು ಹುಡುಗಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ನನ್ನ ಕೈ ನಿಂತಿತು.

"ಇವನಿಗೆ ಮಸಿ ಬಳಿದಿದ್ದಾರೆ ಕಣೇ. ಕಿವಿ ಹಿಂದೆ ನೋಡು, ಹತ್ತೇ ಇಲ್ಲ."

ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ನಮ್ಮೂರ ನಾಟಕದಲ್ಲಿ ನಮ್ಮಪ್ಪನದು ರಾಕ್ಷಸನ ಪಾತ್ರ. ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಅಪ್ಪನಿಗೆ ಕಾಣದ ಕಿವಿ ಹಿಂದೆ ಬಳಿಯುವುದು ನನ್ನ ಕೆಲಸ. ಬಳಿದವಳು ನಾನೇ. ಆದರೂ ಅಪ್ಪ ರಂಗದ ಮೇಲೆ ಬಂದು ಅಬ್ಬರಿಸಿದರೆ ಅಮ್ಮನ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದೆ.

ಆ ಸಿನಿಮಾದವನು ನಿಜಕ್ಕೂ ಬಿಳಿಯನೇ ಅಂತ ಪುಟ್ಟಿ, ನೀನು ಹೇಳಿದೆ. ಆ ಚಿತ್ರ ನೋಡಿ ಕಪ್ಪು ಜನರೆಲ್ಲ ಹಾಗೇ ಅಂತ ಎಷ್ಟೋ ಮಂದಿ ನಂಬಿದರಂತೆ. ಈ ಚಿತ್ರ ಬೇಡ ಅಂತ ಬೀದಿಗಿಳಿದವರೂ ಇದ್ದರಂತೆ. ನೂರು ವರ್ಷ ಕಳೆದರೂ ಆ ಹೆದರಿಕೆ ಪೂರ್ತಿ ಹೋಗಿಲ್ಲವಂತೆ. ಛೇ, ಎಂಥ ಜನ ಅಂದೆ ನಾನು.

ಚಿನ್ನು ನನ್ನ ಮೊರದಿಂದ ಕಾಳು ಕದಿಯುತ್ತಾ ಕೇಳಿದ, "ಮತ್ತೆ ನಮ್ಮ ರೂಮ್ ಯಾಕಜ್ಜಿ ಖಾಲಿ?"

ಮೊರ ಕೆಳಗಿಟ್ಟು ಎದ್ದೆ. ಅವರೆ ಸೊಗಡು ಹತ್ತಿದ ಕೈಯಲ್ಲೇ ಚೀಟಿ ತೆಗೆದು, ಅವಳಿಗೆ ಫೋನ್ ಮಾಡು ಪುಟ್ಟಿ ಅಂತ ನಿನ್ನ ಕೈಗೆ ಕೊಟ್ಟೆ.

ಮರುದಿನ ಅವಳು ಎರಡು ಸೂಟ್‌ಕೇಸ್ ಎಳೆದುಕೊಂಡು ಬಂದಳು. ಮುದ್ದೆ, ಹಿತಕಿದ ಬೇಳೆ ಸಾರು ಬಡಿಸಿದೆ. ತಿನ್ನುವುದು ಹೇಗೆ ಅಂತ ಚಿನ್ನು ತೋರಿಸಲು ಹೋಗುವಷ್ಟರಲ್ಲಿ ಅವಳು ಮುರಿದು, ಅದ್ದಿ, ನುಂಗಿಯಾಗಿತ್ತು. ಅವಳೂರಿನಲ್ಲೂ ಹಾಗೇ ಊಟವಂತೆ. ನಮ್ಮಮ್ಮ ಮಾಡುವುದು ಇನ್ನೂ ಮೆತ್ತಗಿರುತ್ತದೆ ಅಂತ ನನ್ನ ಮುದ್ದೆಗೇ ಹೆಸರಿಟ್ಟಳು.

ಈಗ ಅವಳು ಚಿನ್ನುವಿನ ಹಳೇ ಪುಸ್ತಕದಲ್ಲಿ ಕನ್ನಡ ಕಲಿಯುತ್ತಿದ್ದಾಳೆ, ಒತ್ತಕ್ಷರದವರೆಗೂ ಬಂದಿದ್ದಾಳೆ. ಅವತ್ತು ಬಾಗಿಲು ಅರ್ಧವೇ ಏಕೆ ತೆರೆದೆ ಅಂತ ನಾನಿನ್ನೂ ಅವಳಿಗೆ ಹೇಳಿಲ್ಲ. ಈ ಹಾಳೆಗಳನ್ನು ನೀರು, ಇಲಿ ಮುಟ್ಟದ ಹಾಗೆ ಎತ್ತಿಡಿ ಮಕ್ಕಳೇ. ಅವಳು ಓದಲು ಕಲಿತ ದಿನ ಮೊದಲು ಅವಳ ಕೈಗೆ ಕೊಡಿ, ಆಮೇಲೆ ನೀವು ಇಟ್ಟುಕೊಳ್ಳಿ.