ಚಿಜುರು ಇಸೋಬೆಯ ಬಗ್ಗಿದ ಮೊಹರು

ಚಿಜುರು ಇಸೋಬೆಯ ಕಸುಬು ಮೂಗು. ಹದಿನೆಂಟು ವರ್ಷದಿಂದ ಅವಳು ಜಪಾನಿನ ಫುಕುವೋಕಾದ ಒಂದು ಸಣ್ಣ ವಿಡಿಯೋ ಗೇಮ್ ಕಂಪನಿಯ ನಾಲ್ಕನೇ ಮಹಡಿಯಲ್ಲಿ ಕೂತು ಮೂಗು, ಗಲ್ಲ, ಹುಬ್ಬು ಮಾಡುತ್ತಿದ್ದಳು. ಆಟ ಶುರುವಾಗುವ ಮೊದಲು ಆಡುವವರು ತಮ್ಮ ವೀರನನ್ನೋ ವೀರವನಿತೆಯನ್ನೋ ತಾವೇ ರೂಪಿಸಿಕೊಳ್ಳುತ್ತಾರಲ್ಲ, ಅಲ್ಲಿ ಆರಿಸಿಕೊಳ್ಳಲು ಸಿಗುವ ಅಂಗಾಂಗಗಳೆಲ್ಲ ಅವಳ ಕೈಯವು. ಮೂಗು ಅರವತ್ನಾಲ್ಕು ಬಗೆ, ಜಡೆ ನೂರಾ ಹತ್ತು. ಸೊಂಟ ಮಾತ್ರ ಮೂರೇ: ಸಣ್ಣ, ಇನ್ನೂ ಸಣ್ಣ, ಇದೆಯೋ ಇಲ್ಲವೋ. ಐವತ್ತೇಳರ ಚಿಜುರು ಇದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ.

ಕೆಡಿಸಿದವಳು ಕಮೇಯೋ. ಬೀದಿಯ ಸಾರ್ವಜನಿಕ ಸ್ನಾನಗೃಹದಲ್ಲಿ ದಿನಾ ಸಂಜೆ ಪಕ್ಕದ ಮಣೆಯ ಮೇಲೆ ಕೂತು ಮೈಯುಜ್ಜಿಕೊಳ್ಳುವ, ಕರಿದ ಮೀನಿನ ವಡೆ ಮಾರುವ, ಎಪ್ಪತ್ತೊಂದರ ವಿಧವೆ. ಮಂಡಿನೋವು ಬಂದ ಮೇಲೆ ಗೇಮ್ ಆಡುವುದು ಕಲಿತು, ಚಿಜುರುವಿನ ಕಂಪನಿಯ ಮೂರು ಆಟ ಮುಗಿಸಿದ್ದಳು.

"ಅಲ್ವೇ ಚೀ-ಚಾನ್, ಮೂರು ಸಲ ಆಡ್ದೆ, ಮೂರು ಸಲಾನೂ ಹದಿನೇಳರ ಹುಡುಗಿ! ಆ ಸೊಂಟ ಇಟ್ಕೊಂಡು ಡ್ರ್ಯಾಗನ್ ಹೊಡೀತಾಳಂತೆ! ಸೀನಿದ್ರೆ ಮುರಿದು ಬೀಳ್ತಾಳೆ." ಕಮೇಯೋ ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿಸಿದಳು. "ಇಂಥದ್ದೊಂದು ಯಾಕಿಲ್ಲ ನಿಮ್ಮಂಗಡೀಲಿ?"

ಸುತ್ತಲಿನ ಹೆಂಗಸರು ನೀರು ಚೆಲ್ಲಿಕೊಂಡು ನಕ್ಕರು. ಚಿಜುರುವಿಗೆ ನಗುವಿನ ಜೊತೆ ನಾಚಿಕೆಯೂ ಆಯಿತು. "ಮುಂದಿನ ಆಟದಲ್ಲಿ ಇರುತ್ತೆ ಕಮೇಯೋ-ಸಾನ್, ನನ್ನಾಣೆ," ಎಂದುಬಿಟ್ಟಳು. ಕಮೇಯೋ ಅದನ್ನು ಇಡೀ ಸ್ನಾನಗೃಹಕ್ಕೆ ಡಂಗುರ ಸಾರಿದಳು.

ಇನ್ನೇನು, ಮಾಡಲೇಬೇಕಾಯಿತು. ನಾಲ್ಕು ತಿಂಗಳು ಬಿಸಿನೀರಿನ ಹಬೆಯಲ್ಲಿ ಕದ್ದು ಕದ್ದು ನೋಡಿದ್ದನ್ನೆಲ್ಲ ಪರದೆಗಿಳಿಸಿದಳು. ಜೋತ ಹೊಟ್ಟೆ, ಊದಿದ ಮಂಡಿ, ಕತ್ತಿನ ಸುಕ್ಕು. ಗೂನು ಬೆನ್ನಂತೂ ನೆಟ್ಟಗಿನಿಂದ ಹಿಡಿದು ನೆಲ ನೋಡುವವರೆಗೆ ಎಷ್ಟು ಬೇಕೋ ಅಷ್ಟು ಬಗ್ಗಿಸಿಕೊಳ್ಳಬಹುದಿತ್ತು. ಆ ಬೆನ್ನಿನ ಮೇಲೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥ ಕುವಾಬಾತಾ ಹೊಸ ಆಟದ ಕೆಲಸಗಳನ್ನೆಲ್ಲ ಮೂರು ದರ್ಜೆ ಮಾಡಿ ಪಟ್ಟಿ ತಂದ. ಅವನಿಗೆ ನಲವತ್ತೊಂದು ವಯಸ್ಸು, ಕೂದಲಿಗೆ ಮೂರು ಬಗೆಯ ಎಣ್ಣೆ. ಮೊದಲ ದರ್ಜೆ: ಗಾಳಿಗೆ ಹಾರುವ ಜಡೆ, ನಲವತ್ತು ಹೊಸ ಕತ್ತಿ, ಕುದುರೆಯ ಬಾಲ. ಮೂರನೇ ದರ್ಜೆ, ಅಂದರೆ ಕೈಬಿಡುವಂಥದ್ದು: ವೃದ್ಧಾಪ್ಯ.

"ಮುದುಕಿಯಾಗೋಕೆ ಯಾರು ದುಡ್ಡು ಕೊಡ್ತಾರೆ ಇಸೋಬೆ-ಸಾನ್? ಅದು ಬಿಟ್ಟಿ ಸಿಗುತ್ತಲ್ಲ," ಎಂದ.

ಕುದುರೆ ಬಾಲಕ್ಕಿಂತ ಕಡೆಯಾಯಿತೇ ಹೆಂಗಸಿನ ಹೊಟ್ಟೆ! ಚಿಜುರುವಿಗೆ ಮೈಯೆಲ್ಲ ಉರಿದುಹೋಯಿತು.

ಪಟ್ಟಿ ಮೇಜಿಂದ ಮೇಜಿಗೆ ಹೊರಟಿತು. ಆ ಕಂಪನಿಯಲ್ಲಿ ಯಾವ ಕಾಗದಕ್ಕೂ ಏಳು ಜನರ ಹೆಸರಿನ ಮೊಹರು ಬೀಳಬೇಕು. ಮೇಲಧಿಕಾರಿಗಳು ಮೊಹರು ಒತ್ತುವ ಚೌಕ ಎಡಕ್ಕೆ. ಕೆಳಗಿನವರು ತಮ್ಮ ಮೊಹರನ್ನು ಅತ್ತ ಕೊಂಚ ವಾಲಿಸಿ ಒತ್ತುವುದು ಮರ್ಯಾದೆ, ಹೆಸರೇ ತಲೆಬಾಗಿ ನಮಸ್ಕರಿಸಿದ ಹಾಗೆ. ಒಪ್ಪಿಗೆಯಿಲ್ಲವೆಂದರೆ ಬಾಯಿ ಬಿಡಬೇಕಿಲ್ಲ, ಮೊಹರನ್ನು ತಲೆಕೆಳಗಾಗಿ ಒತ್ತಿದರಾಯಿತು, ಪಟ್ಟಿ ಅಲ್ಲೇ ನಿಲ್ಲುತ್ತದೆ. ಹಾಗೆ ಒತ್ತಿದವರನ್ನು ಆ ಮಹಡಿಯಲ್ಲಿ ಯಾರೂ ಕಂಡಿರಲಿಲ್ಲ. ಇವತ್ತು ಕಾಣಲಿ ಎಂದುಕೊಂಡಳು ಚಿಜುರು. ಮೊಹರನ್ನು ಕೆಂಪು ಶಾಯಿಗೆ ಅದ್ದಿ, ಹಲ್ಲು ಕಚ್ಚಿ ಒತ್ತಿದಳು.

ಎತ್ತಿ ನೋಡಿದರೆ, ಅಯ್ಯೋ ಹಾಳು ಕೈಯೇ! 'ಇಸೋಬೆ' ಎಡಕ್ಕೆ ವಾಲಿ, ದಿನಕ್ಕಿಂತ ಒಂದು ಹಿಡಿ ಹೆಚ್ಚೇ ವಾಲಿ, ನಮಸ್ಕಾರ ಹೊಡೆಯುತ್ತಿತ್ತು. ಹದಿನೆಂಟು ವರ್ಷದ ಅಭ್ಯಾಸ. ತಲೆ ಹೇಳಿದ್ದು ಕೈಗೆ ತಲುಪಿರಲಿಲ್ಲ. ಅವಳು ಬಾಯಿ ಬಿಡುವಷ್ಟರಲ್ಲಿ ಪಟ್ಟಿ ಮುಂದಿನ ಮೇಜಿಗೆ ಹೋಗಿತ್ತು. ಅಂದು ಸಂಜೆ ಅವಳು ಸ್ನಾನಗೃಹದ ಕಡೆ ತಲೆಹಾಕಲಿಲ್ಲ. ಯಾವ ಮುಖ ಹೊತ್ತು ಕಮೇಯೋ ಪಕ್ಕ ಕೂರುವುದು?

ಬೆಳಿಗ್ಗೆ ಎದ್ದವಳೇ ನೇರ ಕುವಾಬಾತಾನ ಮುಂದೆ ನಿಂತಳು. "ನನ್ನ ಮೊಹರು ತಪ್ಪಾಗಿ ಬಿದ್ದಿದೆ."

ಅವನು ಪಟ್ಟಿ ನೋಡಿದ. "ಚೆನ್ನಾಗೇ ಬಗ್ಗಿದೆಯಲ್ಲ?"

"ಅದೇ ತಪ್ಪು. ತಲೆಕೆಳಗಾಗಬೇಕಿತ್ತು. ಸರಿಮಾಡಿಸಿ."

ಕುವಾಬಾತಾ ಬೆವೆತುಹೋದ. ಏಳೂ ಮೊಹರು ಬಿದ್ದಾಗಿತ್ತು. ಒಂದು ತಪ್ಪೆಂದರೆ ಏಳೂ ಮತ್ತೆ ಬೀಳಬೇಕು; ತಪ್ಪು ಯಾಕಾಯಿತೆಂಬ ವಿವರಣೆಗೆ ಇನ್ನೊಂದು ಕಾಗದ, ಅದಕ್ಕೂ ಏಳು. ನಿರ್ದೇಶಕರು ಬೇರೆ ಹಿಂದಿನ ಸಂಜೆ ಮೊಹರು ಒತ್ತಿ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಹೋಗಿದ್ದರು, ಬರುವುದು ಮುಂದಿನ ತಿಂಗಳು. ಅಲ್ಲಿಯವರೆಗೆ ಕುದುರೆಗೆ ಬಾಲವಿಲ್ಲ.

"ಆ ಮುದುಕಿ ಕೆಲಸ ಎಷ್ಟು ಬಾಕಿ ಇದೆ?" ಪಿಸುಗುಟ್ಟಿದ.

"ಮುಗಿದಿದೆ."

"ಹಾಗಾದ್ರೆ ಆಟದೊಳಗೆ ಹಾಗೇ ಬಿದ್ದಿರ್ಲಿ. ನೀವು ಹೇಳಿಲ್ಲ, ನಾನು ಕೇಳಿಲ್ಲ. ಕಾಗದ ಮಾತ್ರ ಬೇಡ, ಕೈ ಮುಗೀತೀನಿ."

ಆಟ ಬಿಡುಗಡೆಯಾದ ಭಾನುವಾರ ಕಮೇಯೋ ವಡೆಯ ತಟ್ಟೆಯಿಟ್ಟು ಚಿಜುರುವನ್ನು ಟಿವಿ ಮುಂದೆ ಕೂರಿಸಿಕೊಂಡಳು. ಶಕ್ತಿ, ಬುದ್ಧಿ, ಅದೃಷ್ಟಗಳಿಗೆ ಹಂಚಲು ಇಪ್ಪತ್ತು ಅಂಕ. ಕಮೇಯೋ ಇಪ್ಪತ್ತನ್ನೂ ಶಕ್ತಿಗೆ ಸುರಿದಳು.

"ಬುದ್ಧಿಗೆ ಒಂದಾದ್ರೂ ಹಾಕಿ ಕಮೇಯೋ-ಸಾನ್!"

"ಬುದ್ಧಿ ಇಟ್ಕೊಂಡು ಎಪ್ಪತ್ತು ವರ್ಷ ಏನು ಕಡಿದು ಕಟ್ಟೆ ಹಾಕ್ದೆ? ಗುದ್ದೋದೊಂದು ಬಾಕಿ ಇದೆ."

ಆಮೇಲೆ ತನ್ನ ವೀರವನಿತೆಯ ಹೊಟ್ಟೆಯನ್ನು ಎಳೆಯುವಷ್ಟೂ ಎಳೆದಳು. ಸುಕ್ಕು ಪೂರ್ತಿ, ಮಂಡಿ ಪೂರ್ತಿ. "ಇದಪ್ಪಾ ಹೆಂಗಸು!" ಎಂದು ಕಣ್ಣೊರೆಸಿಕೊಂಡಳು. ಬೆನ್ನಿನ ಸರದಿ ಬಂತು. ನಿಜದ ಕಮೇಯೋ ಕುಡುಗೋಲಿನ ಹಾಗೆ ಬಾಗಿದ್ದಳು. ಪರದೆಯ ಮೇಲಿನವಳನ್ನು ನೆಟ್ಟಗೆ ನಿಲ್ಲಿಸಿ ಮುಂದಕ್ಕೆ ಹೋದಳು.

"ಬೆನ್ನು ಮರೆತ್ರಲ್ಲ! ನಾನು ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದೇ ಅದು."

"ಮರೆತಿಲ್ಲ ಕಣೇ. ಹೊಟ್ಟೆ ನಾನು ತಿಂದು ಬೆಳೆಸಿದ್ದು, ಅದು ನಂದು. ಬೆನ್ನು ಬಂದವರಿಗೆಲ್ಲ ಬಗ್ಗಿ ಬಗ್ಗಿ ಗೂನಾಗಿದ್ದು. ಇವಳು ಯಾರಿಗೆ ಬಗ್ಗಬೇಕು ಹೇಳು, ಡ್ರ್ಯಾಗನ್‌ಗಾ?"

ಚಿಜುರು ತನ್ನ ಬಲಗೈಯನ್ನು ನೋಡಿಕೊಂಡಳು.

ಸೋಮವಾರ ಕುದುರೆಯ ಬಾಲ ಇನ್ನೂ ಉದ್ದವಾಗಬೇಕೆಂಬ ಕಾಗದ ಬಂತು. ಚಿಜುರುವಿಗೆ ಅದರಲ್ಲಿ ತಕರಾರೇನೂ ಇರಲಿಲ್ಲ. ಆದರೂ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ಮೊಹರು ಒತ್ತಿದಳು. ವಾಲಿದ ಹೆಸರುಗಳ ಪಕ್ಕದಲ್ಲಿ 'ಇಸೋಬೆ' ನೆಟ್ಟಗೆ ನಿಂತಿತು. ಕುವಾಬಾತಾ ಕಾಗದವನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದ, ಆಮೇಲೆ ತನ್ನ ಮೊಹರು ತೆಗೆದ.