ಕೊನೆಯ ಗ್ಲಾಸಿಗೂ ಗ್ಯಾಸು

ಮೊನ್ನೆ ಆದಿತ್ಯವಾರ ನನ್ನ ಹೆಂಡತಿ ಬಲ್ಮಠದ ಒಂದು ಅಂಗಡಿಯಿಂದ ಪ್ಲಾಸ್ಟಿಕ್ಕಿನ ಸಾಧನವೊಂದನ್ನು ತಂದಳು. ನೋಡಲಿಕ್ಕೆ ಕೋಳಿಯ ತಲೆಯ ಹಾಗಿತ್ತು. ನೆತ್ತಿಯ ಮೇಲೊಂದು ಗುಂಡಿ, ಮುಂದೆ ಕೊಕ್ಕಿನಂಥ ನಳಿಗೆ, ಕೆಳಗೆ ಬಾಟ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಬಳೆ. ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟ್ಲಿಯ ಮುಚ್ಚಳ ತೆಗೆದು ಇದನ್ನು ಹಾಕಿದರೆ ಬೇಕಾದಷ್ಟೇ ಗ್ಲಾಸಿಗೆ ಬಿಟ್ಟುಕೊಳ್ಳಬಹುದಂತೆ, ಒಳಗಿನ ಗ್ಯಾಸು ಒಳಗೇ ಇರುತ್ತದಂತೆ. ಹೆಂಡತಿ ಅದನ್ನು ಕೂರಿಸಿ ಗುಂಡಿ ಒತ್ತಿದಳು. ‘ಸುಸ್’ ಎಂದು ಸಣ್ಣದೊಂದು ಶಬ್ದವಾಯಿತು. ನಿಮಗೆ ಮಲ್ಲಿಗೆಯ ಪರಿಮಳದಿಂದಲೋ ಹಳೆಯ ಪತ್ರದಿಂದಲೋ ಹಿಂದಿನದೆಲ್ಲ ನೆನಪಿಗೆ ಬರಬಹುದು. ನನ್ನ ಯೋಗ್ಯತೆಗೆ ಆ ‘ಸುಸ್’ ಸಾಕಾಯಿತು. ಕಾವೂರಿನ ಅಕ್ಕನ ಮನೆ, ಅವಳ ಫ್ರಿಜ್ಜು, ಅದರೊಳಗೆ ಕೊರಳಿಗೆ ಕೆಂಪು ಚೀಟಿ ಕಟ್ಟಿಸಿಕೊಂಡು ನಿಂತಿದ್ದ ಬಾಟ್ಲಿ, ಅದರ ಎದುರು ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನಿಂತ ನನ್ನ ಭಾವ, ಎಲ್ಲ ಒಟ್ಟಿಗೇ ಬಂದುಬಿಟ್ಟರು.

ಭಾವ ಎಂದರೆ ಅಕ್ಕನ ಗಂಡ. ಪಣಂಬೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ವಾಲ್ವುಗಳನ್ನು ನೋಡಿಕೊಂಡವರು. ಕೆಲವರು ದನ ನೋಡಿಕೊಳ್ಳುತ್ತಾರಲ್ಲ, ಹಾಗೆ. ಯಾವುದು ಸೋರುತ್ತದೆ, ಯಾವುದು ಬಿಗಿ, ಯಾವುದರ ವಾಷರು ಮುಂದಿನ ತಿಂಗಳು ಕೈಕೊಡುತ್ತದೆ ಎಂದು ಮುಖ ನೋಡಿಯೇ ಹೇಳುತ್ತಿದ್ದರು. ಅವರ ಸಹಿ ಬೀಳದೆ ಅಲ್ಲಿ ಒಂದು ಪೈಪು ತೆರೆಯುವ ಹಾಗಿರಲಿಲ್ಲವಂತೆ. ಇದು ಅವರೇ ಹೇಳಿದ್ದು, ನಾನು ನಂಬಿದ್ದೇನೆ. ಅಂಥವರು ನಿವೃತ್ತರಾಗಿ ಮನೆಯಲ್ಲಿ ಕೂತಾಗ, ಅವರ ಸಹಿ ಬೇಕಾದ ವಸ್ತು ಆ ಮನೆಯಲ್ಲಿ ಒಂದೂ ಇರಲಿಲ್ಲ. ಕೊರಿಯರಿನವನು ಕೂಡ ‘ಅಮ್ಮ ಇಲ್ವಾ?’ ಎಂದು ಕೇಳುತ್ತಿದ್ದ.

ಇನ್ನು ಆ ಮನೆಯ ಗ್ಯಾಸಿನ ವ್ಯವಸ್ಥೆಯನ್ನು ನಿಮಗೆ ಹೇಳಬೇಕು. ನಮ್ಮ ಕಡೆ ಒಂದು ಕಾಲಕ್ಕೆ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುತ್ತಿದ್ದರು. ಬೆಲ್ಲದ ಅಚ್ಚು ಒಂದೇ, ಚೊಂಬು ಒಂದೇ. ಬಂದವನು ಸಾಹುಕಾರನಾಗಲಿ, ತೆಂಗಿನಕಾಯಿ ಕೀಳುವವನಾಗಲಿ, ಸಿಹಿಯಲ್ಲಿ ಹೆಚ್ಚು ಕಡಿಮೆ ಮಾಡುವ ಉಪಾಯ ಇರಲಿಲ್ಲ. ಎರಡು ಲೀಟರಿನ ಬಾಟ್ಲಿ ಬಂದ ಮೇಲೆ ಉಪಾಯ ತಾನಾಗಿ ಒದಗಿತು. ಅಕ್ಕನ ಮನೆಯಲ್ಲಿ ಹೊಸ ಬಾಟ್ಲಿಯ ಸೀಲು ಒಡೆಯುವುದು ಗಲ್ಫಿನಿಂದ ಬಂದವರಿಗೆ, ಬ್ಯಾಂಕಿನ ಮ್ಯಾನೇಜರರಿಗೆ, ಒಟ್ಟಿನಲ್ಲಿ ಕಾರಿನಲ್ಲಿ ಬಂದವರಿಗೆ. ಮರುದಿನ ಬಂದ ನೆರೆಕರೆಯವರಿಗೆ ಅರ್ಧ ಗ್ಯಾಸು. ಅದರ ಮರುದಿನ ಮೀಟರು ನೋಡಲಿಕ್ಕೆ ಬಂದವನಿಗೆ ಗ್ಯಾಸಿನ ನೆನಪು. ಆಮೇಲೆ ಉಳಿದ, ಬಣ್ಣ ಮತ್ತು ಸಕ್ಕರೆ ಬಿಟ್ಟರೆ ಬೇರೇನೂ ಇಲ್ಲದ ದ್ರವ ನನಗೆ. ‘ನೀನು ನಮ್ಮವನೇ ಅಲ್ವಾ’ ಎಂದು ಹೇಳಿಯೇ ಅಕ್ಕ ಕೊಡುತ್ತಿದ್ದಳು. ಆ ಮನೆಯಲ್ಲಿ ಪ್ರೀತಿಗೂ ಗ್ಯಾಸಿಗೂ ವಿಲೋಮ ಸಂಬಂಧ. ನನಗಿಂತ ಕೆಳಗೆ ಒಬ್ಬರೇ ಇದ್ದರು. ನನ್ನ ಗ್ಲಾಸು ತುಂಬಿದ ಮೇಲೆ ಬಾಟ್ಲಿಯ ತಳದಲ್ಲಿ ಉಳಿದದ್ದು ಭಾವನಿಗೆ.

ಏಳೆಂಟು ವರ್ಷದ ಹಿಂದಿನ ಒಂದು ಸಂಜೆ ಹೀಗೆ ನಾವಿಬ್ಬರೂ ಗ್ಲಾಸು ಹಿಡಿದು ಜಗಲಿಯಲ್ಲಿ ಕೂತಿದ್ದೆವು. ಭಾವ ತಮ್ಮ ಗ್ಲಾಸನ್ನು ಬೆಳಕಿಗೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. (ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿಯ ಮಾತುಗಳನ್ನು ನಿಮ್ಮ ಅನುಕೂಲಕ್ಕೆ ಕನ್ನಡ ಮಾಡಿದ್ದೇನೆ. ಗ್ಯಾಸಿಗೆ ಮಾತ್ರ ಆ ತೊಂದರೆ ಬೀಳಲಿಲ್ಲ.)

‘ಒಂದು ಗುಳ್ಳೆ ಉಂಟಾ ನೋಡು.’

‘ಇಲ್ಲ ಭಾವ.’

‘ಮೂವತ್ತು ವರ್ಷ ಗ್ಯಾಸು ಸೋರದ ಹಾಗೆ ನೋಡಿಕೊಂಡವ ನಾನು. ನನ್ನ ಮನೆಯಲ್ಲಿ ನನ್ನ ಗ್ಲಾಸಿಗೆ ಒಂದು ಗುಳ್ಳೆ ಇಲ್ಲ.’

‘ಅಕ್ಕನ ಹತ್ರ ಹೇಳಿದ್ರೆ ಹೊಸದು ಒಡೀತಾಳಲ್ಲ.’

‘ಹೇಳಿದ್ರೆ ಒಡೀತಾಳೆ. ಹೇಳದೆ ಸಿಗ್ಬೇಕು ಮಾರಾಯ.’

ಆ ಸಂಜೆಯೇ ಯೋಜನೆ ಹುಟ್ಟಿತು. ಬಾಟ್ಲಿಗೆ ಒಂದು ತಲೆ ಮಾಡುವುದು, ಮೊದಲ ಗ್ಲಾಸಿಗೆ ಎಷ್ಟು ಗ್ಯಾಸೋ ಕೊನೆಯ ಗ್ಲಾಸಿಗೂ ಅಷ್ಟೇ ಗ್ಯಾಸು ಬರುವ ಹಾಗೆ ಮಾಡುವುದು. ಕೊನೆಯ ಗ್ಲಾಸು ಯಾರದ್ದು ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ. ಭಾವ ಅಧ್ಯಕ್ಷರು. ಕಚೇರಿಯಲ್ಲಿ ಜೀವಮಾನವಿಡೀ ಸಭೆಯ ನಡಾವಳಿ ಬರೆದ ನಾನು ಕಾರ್ಯದರ್ಶಿ, ಜೊತೆಗೆ ರುಚಿ ನೋಡುವ ಸ್ವತಂತ್ರ ಪರೀಕ್ಷಕ. ಅಕ್ಕನನ್ನು ಸಮಿತಿಗೆ ಸೇರಿಸಲಿಲ್ಲ. ಆದರೆ ಎಲ್ಲ ಸಭೆಗಳೂ ಅವಳ ಅಡುಗೆಮನೆಯಲ್ಲೇ ನಡೆದವು.

ಮೊದಲನೆಯ ತಲೆ ಸರಳವಾದದ್ದು. ಬಾಟ್ಲಿಯ ಮುಚ್ಚಳಕ್ಕೆ ತೂತು ಕೊರೆದು ಸೈಕಲ್ ಟ್ಯೂಬಿನ ವಾಲ್ವು ಕೂರಿಸಿ, ಪಂಪಿನಲ್ಲಿ ಗಾಳಿ ಹೊಡೆಯುವುದು. ಭಾವ ಹೊಡೆದರು. ಸಾಬೂನಿನ ನೊರೆಯನ್ನು ಬ್ರಶ್ಶಿನಲ್ಲಿ ಮುಚ್ಚಳದ ಸುತ್ತ ಬಳಿದು, ಎಲ್ಲಿಯೂ ಗುಳ್ಳೆ ಏಳುವುದಿಲ್ಲ, ಎಂದರೆ ಸೋರುವುದಿಲ್ಲ ಎಂದು ನನಗೆ ತೋರಿಸಿದರು. ‘ಪರೀಕ್ಷೆಯಲ್ಲಿದೆ, ತೆರೆಯಬಾರದು’ ಎಂದು ಕೆಂಪು ಚೀಟಿ ಬರೆದು ಸಹಿ ಹಾಕಿ ಬಾಟ್ಲಿಯ ಕೊರಳಿಗೆ ಕಟ್ಟಿದರು. ನಿವೃತ್ತಿಯ ನಂತರದ ಅವರ ಮೊದಲ ಸಹಿ ಅದು. ಎರಡು ದಿನ ಬಾಟ್ಲಿ ಕಲ್ಲಿನ ಹಾಗಿತ್ತು. ಭಾವ ಬೆಳಿಗ್ಗೆ ಸಂಜೆ ಫ್ರಿಜ್ಜು ತೆಗೆದು ಡಾಕ್ಟರು ಹೊಟ್ಟೆ ಒತ್ತಿ ನೋಡುವ ಹಾಗೆ ಅದನ್ನು ಒತ್ತಿ ನೋಡುತ್ತಿದ್ದರು. ಮೂರನೆಯ ದಿನ ಸಮಿತಿ ಸೇರಿತು, ಗ್ಲಾಸಿಗೆ ಬಗ್ಗಿಸಿತು, ನಾನು ಕುಡಿದೆ. ಸಪ್ಪೆ. ಹೊರಗಿನ ಗಾಳಿ ಎಷ್ಟು ತುಂಬಿಸಿದರೂ ಬಾಟ್ಲಿಗೆ ಧೈರ್ಯ ಬರುತ್ತದೆಯೇ ಹೊರತು ದ್ರವದ ಒಳಗಿನ ಗ್ಯಾಸು ಹೊರಡುವುದು ನಿಲ್ಲುವುದಿಲ್ಲ, ಅದಕ್ಕೆ ಅದರದ್ದೇ ಜಾತಿಯ ಗ್ಯಾಸು ಬೇಕು ಎಂದು ಭಾವ ವಿವರಿಸಿದರು. ಅಕ್ಕ ತೆಂಗಿನಕಾಯಿ ತುರಿಯುತ್ತಾ ಇದನ್ನೇ ಚಿಕ್ಕದಾಗಿ ಹೇಳಿದಳು: ‘ಹೊರಗೆ ಗಟ್ಟಿ, ಒಳಗೆ ಎಂತ ಇಲ್ಲ. ರಿಟೈರ್ ಆದವರ ಹಾಗೆ.’ ನಡಾವಳಿಯಲ್ಲಿ ನಾನು ಇದನ್ನು ದಾಖಲಿಸಲಿಲ್ಲ.

ಎರಡನೆಯ ತಲೆಗೆ ಭಾವ ಬಂದರಿನ ಹಳೆ ಸಾಮಾನಿನ ಅಂಗಡಿಗಳನ್ನು ವಾರಗಟ್ಟಲೆ ಸುತ್ತಿದರು. ಯಾವುದೋ ಕಾಲದ ಹೋಟೆಲಿನವರು ಸೋಡಾ ಮಾಡುತ್ತಿದ್ದ ಪಾತ್ರೆಯ ಹಿತ್ತಾಳೆ ತಲೆಯೊಂದು ಸಿಕ್ಕಿತು. ಅದರಲ್ಲಿ ಅದೇ ಜಾತಿಯ ಗ್ಯಾಸು ತುಂಬಿದ ಬೆರಳುದ್ದದ ಗುಂಡು ಇಡಲಿಕ್ಕೆ ಒಂದು ಗೂಡು, ಬಾಟ್ಲಿಯ ತಳದವರೆಗೆ ಇಳಿಯುವ ಒಂದು ಕೊಳವೆ, ಒತ್ತಲಿಕ್ಕೆ ಒಂದು ಹಿಡಿಕೆ. ಬೈಕಂಪಾಡಿಯ ಲೇತಿನವರ ಹತ್ತಿರ ಕೂತು ನಮ್ಮ ಬಾಟ್ಲಿಯ ಬಾಯಿಗೆ ಹೊಂದುವ ಬಳೆ ಮಾಡಿಸಿದರು. ಮೇಲಿನಿಂದ ಗ್ಯಾಸು ದ್ರವವನ್ನು ಒತ್ತುತ್ತದೆ, ದ್ರವ ಕೊಳವೆಯಲ್ಲಿ ಏರಿ ಹೊರಗೆ ಬರುತ್ತದೆ, ಮುಚ್ಚಳ ತೆರೆಯುವ ಪ್ರಶ್ನೆಯೇ ಇಲ್ಲ. ಕಾಗದದ ಮೇಲೆ ಅದು ನಿರ್ದೋಷವಾಗಿತ್ತು. ಕಾಗದವನ್ನು ನಾನೇ ಫೈಲು ಮಾಡಿದ್ದೆ.

ಉದ್ಘಾಟನೆಗೆ ಸಿಕ್ಕಿದವನು ದುಬಾಯಿಯಿಂದ ರಜೆಗೆ ಬಂದಿದ್ದ ವಸಂತ, ಭಾವನ ಚಿಕ್ಕಪ್ಪನ ಮಗ. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಭಾವ ಗ್ಲಾಸು ಹಿಡಿದು ಹಿಡಿಕೆ ಒತ್ತಿದರು. ಗ್ಲಾಸಿನೊಳಗೆ ಬಂದದ್ದು ನೊರೆ. ಗ್ಲಾಸು ತುಂಬಿ, ಟೀಪಾಯಿ ತುಂಬಿ, ಸ್ವಲ್ಪ ಅಂಗಿಗೂ ಹೋಯಿತು. ಎಲ್ಲರೂ ನೊರೆ ಇಳಿಯುವುದನ್ನು ಕಾದೆವು. ಇಳಿದ ಮೇಲೆ ತಳದಲ್ಲಿ ಒಂದು ಬೆರಳಿನಷ್ಟು ಕೂಲ್‌ಡ್ರಿಂಕ್ಸ್ ಇತ್ತು.

‘ಪರವಾಗಿಲ್ಲ ಅಣ್ಣ, ದುಬಾಯಿಯಲ್ಲಿ ನೊರೆಗೇ ಬೇರೆ ದುಡ್ಡು ತೆಗೋತಾರೆ’ ಎಂದ ವಸಂತ, ಅಂಗಿ ಒರೆಸಿಕೊಳ್ಳುತ್ತಾ.

‘ನೀನು ಅಂಗಿ ಬಿಚ್ಚು ಮಾರಾಯ, ಕಲೆ ಆಗ್ತದೆ’ ಎಂದಳು ಅಕ್ಕ. ಆಮೇಲೆ ಭಾವನ ಕಡೆ ತಿರುಗಿ, ‘ಇನ್ನು ಇದನ್ನು ಬಂದವರ ಮೇಲೆ ಬಿಡ್ಬೇಡಿ’ ಎಂದಳು.

ಭಾವ ನಾಲ್ಕು ದಿನ ಆ ತಲೆಯನ್ನು ಬಿಚ್ಚಿ ಜೋಡಿಸುತ್ತಾ ಕೂತರು. ಐದನೆಯ ದಿನ ನನಗೆ ಫೋನು ಬಂತು. ‘ಅದರ ಬೇಸರ ಎಂತ ಗೊತ್ತುಂಟಾ? ಒಮ್ಮೆಲೇ ಹೊರಗೆ ಬಿಟ್ಟರೆ ಸಿಟ್ಟು ಬರ್ತದೆ. ಸಪೂರ ಪೈಪಲ್ಲಿ ಉದ್ದಕ್ಕೆ ನಡೆಸಿದ್ರೆ ಬಾಯಿಗೆ ಬರುವಾಗ ಶಾಂತ ಆಗಿರ್ತದೆ.’ ಇಷ್ಟು ಕಾಲ ನನಗೆ ಅರ್ಥವಾಗದಿದ್ದ ಇಂಜಿನಿಯರಿಂಗು ಆಗ ಮೊದಲ ಸಲ ಅರ್ಥವಾಯಿತು. ನಮ್ಮ ಕಚೇರಿಯಲ್ಲಿ ನಾವು ಮಾಡುತ್ತಿದ್ದದ್ದು ಇದನ್ನೇ. ಸಿಟ್ಟಿನಿಂದ ಒಳಗೆ ಬಂದ ಅರ್ಜಿಯನ್ನು ಹನ್ನೊಂದು ಮೇಜುಗಳ ಮೇಲೆ ನಿಧಾನವಾಗಿ ನಡೆಸಿದರೆ, ಹೊರಗೆ ಬರುವಾಗ ಅದರಲ್ಲಿ ಒಂದು ಗುಳ್ಳೆಯೂ ಉಳಿಯುತ್ತಿರಲಿಲ್ಲ. ನಾವು ಪೈಪನ್ನು ಸ್ವಲ್ಪ ಹೆಚ್ಚೇ ಉದ್ದ ಮಾಡಿದ್ದೆವು, ಅಷ್ಟೇ.

ಹಾಗೆ ಮೂರನೆಯ ತಲೆ ತಯಾರಾಯಿತು. ನೀರಿನ ಫಿಲ್ಟರಿಗೆ ಹಾಕುವ ಸಪೂರ ಪೈಪನ್ನು ಮಾರುಗಟ್ಟಲೆ ತಂದು ಬಾಟ್ಲಿಯ ಸುತ್ತ ಸುರುಳಿ ಸುತ್ತಿದರು. ಬಾಟ್ಲಿಗೆ ಹಾವು ಸುತ್ತಿದ ಹಾಗೆ ಕಾಣುತ್ತಿತ್ತು. ಅದು ಫ್ರಿಜ್ಜಿನ ಬಾಗಿಲಲ್ಲಿ ಹಿಡಿಯದೆ ಒಳಗೆ ಬಂತು, ಒಳಗಿದ್ದ ದೋಸೆಹಿಟ್ಟು ಹೊರಗೆ ಬಂತು. ಅಕ್ಕ ಎರಡು ದಿನ ಹುಳಿ ದೋಸೆ ಕೊಟ್ಟಳು. ಆದರೆ ಹಿಡಿಕೆ ಒತ್ತಿದಾಗ ದ್ರವ ಯಾವ ಅವಸರವೂ ಇಲ್ಲದೆ, ನೊರೆಯಿಲ್ಲದೆ, ಗುಳ್ಳೆಗಳನ್ನೆಲ್ಲ ಕಟ್ಟಿಕೊಂಡು ಗ್ಲಾಸಿಗೆ ಇಳಿಯಿತು. ನಾನು ಕುಡಿದು ಮೂಗು ಉರಿಯಿತು ಎಂದೆ. ಭಾವ ನನ್ನ ಕೈ ಕುಲುಕಿದರು. ಅವರು ನನ್ನ ಕೈ ಕುಲುಕಿದ್ದು ಅದೊಂದೇ ಸಲ. ಅಕ್ಕನ ಮದುವೆಯಲ್ಲಿಯೂ ಕುಲುಕಿರಲಿಲ್ಲ.

ಆದಿತ್ಯವಾರ ಪುನಃ ವಸಂತ ಬಂದ, ಈ ಸಲ ಕಪ್ಪು ಅಂಗಿಯಲ್ಲಿ. ಅವನಿಗೆ ಪೂರ್ಣ ಗ್ಯಾಸು. ಸೋಮವಾರ ನೆರೆಮನೆಯವರಿಗೆ ಪೂರ್ಣ ಗ್ಯಾಸು, ಅವರು ತಮಗೇ ಹೊಸ ಬಾಟ್ಲಿ ಒಡೆದರೆಂದು ತಿಳಿದು ಸಂಕೋಚಪಟ್ಟರು. ಬುಧವಾರ ಮೀಟರಿನವನು ಒಂದು ಗುಟುಕು ಕುಡಿದು ಬೆಚ್ಚಿಬಿದ್ದ. ಭಾವ ದಿನವೂ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು. ಗುರುವಾರ ಸಂಜೆಗೆ ನನ್ನನ್ನು ಬರಹೇಳಿದರು. ತಳದಲ್ಲಿ ಇನ್ನೂ ಎರಡು ಗ್ಲಾಸಿನಷ್ಟು ಇದೆ, ಗ್ಯಾಸು ಹಾಗೇ ಇದೆ ಎಂದರು. ಕೊನೆಯ ಗ್ಲಾಸಿನ ದಿನ ಬಂದಿತ್ತು.

ನಾನು ಹೋದಾಗ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು, ಬಂದವರು ಕೂರುವ ಕುರ್ಚಿಯಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಅಡುಗೆಮನೆಯಲ್ಲಿ ಫ್ರಿಜ್ಜು ತೆಗೆದ ಶಬ್ದವಾಯಿತು, ಮುಚ್ಚಿದ ಶಬ್ದವಾಯಿತು. ಅಕ್ಕ ತಟ್ಟೆ ಹಿಡಿದು ಹೊರಗೆ ಬಂದಳು. ತಟ್ಟೆಯಲ್ಲಿ ಎರಡು ಲೋಟ ಚಹಾ ಇತ್ತು.

‘ಜ್ಯೂಸು?’ ಎಂದೆ ನಾನು. ನಮ್ಮಲ್ಲಿ ಬಾಟ್ಲಿಯಲ್ಲಿ ಬಂದದ್ದಕ್ಕೆಲ್ಲ ಅದೇ ಹೆಸರು.

‘ಅದಕ್ಕೆಂತ ಅವಸರ? ಹಾಳಾಗುದಿಲ್ಲ ಅಲ್ವಾ ಇನ್ನು’ ಎಂದಳು ಅಕ್ಕ. ಅವಳ ದನಿಯಲ್ಲಿ ಗಂಡನ ಬಗ್ಗೆ ನಿಜವಾದ ಅಭಿಮಾನವಿತ್ತು. ‘ಇವರು ಮಾಡಿದ್ದು ಒಳ್ಳೇದಾಯ್ತು ನೋಡು. ಯಾರಾದ್ರೂ ಬಂದ್ರೆ ಕೊಡ್ಲಿಕ್ಕಾಯ್ತು. ನಾವು ನಾವೇ ಕುಡಿದು ಯಾಕೆ ಮುಗಿಸುದು?’

ಭಾವ ಚಹಾ ತೆಗೆದುಕೊಂಡರು. ನಾನು ಅವರ ಮುಖ ನೋಡಲಿಲ್ಲ. ಇಷ್ಟು ವರ್ಷ ಅವರಿಗೆ ಆ ಕೊನೆಯ ಗ್ಲಾಸು ಸಿಗುತ್ತಿದ್ದದ್ದು ಗ್ಯಾಸು ಹೋಗುತ್ತಿದ್ದುದರಿಂದಲೇ, ಬೇರೆ ಯಾರಿಗೂ ಕೊಡುವ ಹಾಗಿರಲಿಲ್ಲವೆಂದೇ. ಈಗ ಗ್ಯಾಸು ಹೋಗದ ಹಾಗೆ ಅವರೇ ಮಾಡಿಟ್ಟಿದ್ದರು. ಆ ಎರಡು ಗ್ಲಾಸು ಮರುವಾರ ಯಾರೋ ಪಾಲಿಸಿಯವರಿಗೆ ಹೋಯಿತು. ಮುಂದಿನ ಬಾಟ್ಲಿಯೂ ಹಾಗೆಯೇ, ಅದರ ಮುಂದಿನದ್ದೂ ಹಾಗೆಯೇ. ನನಗೂ ಚಹಾವೇ ಆಯಿತು. ‘ನಮ್ಮವನೇ ಅಲ್ವಾ’ ಎಂಬ ಮಾತನ್ನು ಹೇಳುವ ಸಂದರ್ಭವೇ ಅಕ್ಕನಿಗೆ ಬರಲಿಲ್ಲ. ಆ ಮನೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅದೊಂದು ಸಣ್ಣ ಕೊರತೆಯಾಗಿ ಕಾಡುತ್ತಿತ್ತು.

ಎರಡು ತಿಂಗಳು ಕಳೆದಿರಬಹುದು. ಮತ್ತೊಂದು ಗುರುವಾರ ಹೋಗಿದ್ದೆ. ಅಕ್ಕ ಎರಡು ಗ್ಲಾಸು ಹಿಡಿದು ಬಂದಳು. ‘ಇವರ ಮಿಷನ್ನಿಗೆ ಎಂತದೋ ಆಗಿದೆ. ಗ್ಯಾಸು ಹೋಗಿದೆ. ಬಂದವರಿಗೆ ಕೊಟ್ಟರೆ ಮರ್ಯಾದೆ ಅಲ್ಲ. ನೀನು ನಮ್ಮವನೇ ಅಲ್ವಾ, ಕುಡಿ’ ಎಂದಳು. ಭಾವನಿಗೆ ಕೊಟ್ಟದ್ದು ದೊಡ್ಡ ಗ್ಲಾಸು. ಅವರು ಬೆಳಕಿಗೆ ಎತ್ತಿ ನೋಡಲಿಲ್ಲ, ಗುಳ್ಳೆ ಎಣಿಸಲಿಲ್ಲ. ಕಣ್ಣು ಅರ್ಧ ಮುಚ್ಚಿ ನಿಧಾನವಾಗಿ ಕುಡಿದರು.

ಪರೀಕ್ಷಕನ ಕರ್ತವ್ಯ ನನ್ನನ್ನು ಸುಮ್ಮನೆ ಕೂರಗೊಡಲಿಲ್ಲ. ಅಕ್ಕ ಹಿತ್ತಿಲಿಗೆ ಹೋದ ಹೊತ್ತು ನೋಡಿ, ಸಾಬೂನಿನ ನೊರೆ ಮಾಡಿ, ಹಿತ್ತಾಳೆ ಬಳೆಯ ಸುತ್ತ ಬಳಿದೆ. ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದು, ಒಡೆದು, ಪುನಃ ಎದ್ದಿತು.

‘ಭಾವ, ಲೀಕ್ ಉಂಟು.’

ಭಾವ ಮೊದಲು ಹಿತ್ತಿಲ ಕಡೆ ನೋಡಿದರು. ‘ಉಂಟು’ ಎಂದರು. ‘ಕಾಲು ಸುತ್ತು ಸಡಿಲ.’

‘ನೀವೇ?’

‘ಮತ್ತೆ ಬೇರೆಯವರ ಕೈಯಲ್ಲಿ ಇಷ್ಟು ಸರಿಯಾಗಿ ಬರ್ತದಾ? ಆದಿತ್ಯವಾರ ಒಡೆದ್ರೆ ಗುರುವಾರಕ್ಕೆ ಗ್ಯಾಸು ಮುಗೀತದೆ. ನೀನು ಮಿನಿಟ್ಸಲ್ಲಿ ಬರಿಬೇಡ.’

ಹಿತ್ತಿಲಿಂದ ಬಂದ ಅಕ್ಕ ಬಾಟ್ಲಿಯ ಕೊರಳಲ್ಲಿದ್ದ ನೊರೆಯನ್ನು ನೋಡಿದಳು, ನನ್ನ ಕೈಯ ಬ್ರಶ್ಶನ್ನು ನೋಡಿದಳು. ಬಟ್ಟೆ ತಂದು ನೊರೆ ಒರೆಸಿ ಬಾಟ್ಲಿಯನ್ನು ಒಳಗಿಟ್ಟಳು. ‘ನೀವು ಇನ್ನು ಅದನ್ನು ರಿಪೇರಿ ಮಾಡ್ಲಿಕ್ಕೆ ಹೋಗ್ಬೇಡಿ. ಇರ್ಲಿ ಹಾಗೆ’ ಎಂದಳು. ಇದು ಗದರಿದ್ದೋ, ಅನುಮತಿ ಕೊಟ್ಟದ್ದೋ ನನಗೆ ಇವತ್ತಿಗೂ ಸ್ಪಷ್ಟವಿಲ್ಲ.

ಈಗ ನಮ್ಮ ಮನೆಯ ಪ್ಲಾಸ್ಟಿಕ್ ತಲೆಗೆ ಬರುತ್ತೇನೆ. ಮೊನ್ನೆ ‘ಸುಸ್’ ಎಂದದ್ದು ನನ್ನ ಗ್ಲಾಸಿಗಲ್ಲ, ಹೆಂಡತಿಯ ಗೆಳತಿಯರು ಇಬ್ಬರು ಬಂದಿದ್ದರು. ಅವರು ಹೋದ ಮೇಲೆ ಬಾಟ್ಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿಟ್ಟು, ‘ಶನಿವಾರ ಅಣ್ಣ ಬರ್ತಾನೆ, ಅವನಿಗೆ ಆಯ್ತು. ಒಂದು ವಾರ ಎಂತ ಆಗುದಿಲ್ಲಂತೆ’ ಎಂದಳು. ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಕೊರಿಯರಿನವನು ನಮ್ಮಲ್ಲಿಗೂ ಬರುತ್ತಾನೆ.

ಇವತ್ತು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಕಾವೂರಿಗೆ ಫೋನು ಮಾಡಿದೆ.

‘ಹಿತ್ತಾಳೆಯಾ ಪ್ಲಾಸ್ಟಿಕ್ಕಾ?’ ಎಂದು ಕೇಳಿದರು ಭಾವ. ದನಿಯಲ್ಲಿ ಹಳೆಯ ಮೇಂಟೆನೆನ್ಸ್ ವಿಭಾಗವೇ ಎದ್ದು ಕೂತಿತ್ತು.

‘ಪ್ಲಾಸ್ಟಿಕ್.’

‘ಹಾಗಾದ್ರೆ ಕಾಲು ಸುತ್ತಿಗಿಂತ ಒಂಚೂರು ಕಡಿಮೆ. ಜಾಸ್ತಿ ತಿರುಗಿಸಿದ್ರೆ ನಾಳೆಯೇ ಸಪ್ಪೆ ಆಗ್ತದೆ, ಅವಳಿಗೆ ಗೊತ್ತಾಗ್ತದೆ.’

ಹೇಳಿದಷ್ಟೇ ತಿರುಗಿಸಿದ್ದೇನೆ. ಇವತ್ತು ಮಂಗಳವಾರ. ಗುರುವಾರಕ್ಕೆ ಕಾಯುತ್ತಿದ್ದೇನೆ.